ತತ್ತ್ವಜ್ಞಾನಿಗೆ ಟಿಕೆಟ್ ಕೊಟ್ಟರೆ

ಪ್ರಜಾಪ್ರಭುತ್ವದ ಮೇಲೆ ದಪ್ಪ ಪುಸ್ತಕ ಬರೆದವರ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಜನರ ಇಚ್ಛೆ, ಜನರ ವಿವೇಕ, ಜನರ ಸಾರ್ವಭೌಮತ್ವ ಎಂದು ಪುಟಗಟ್ಟಲೆ ಬರೆಯುವ ಈ ಮಹನೀಯರು ಜೀವಮಾನದಲ್ಲಿ ಒಂದು ಸಲವಾದರೂ ಮನೆ ಬಾಗಿಲಿಗೆ ಹೋಗಿ ಕೈಮುಗಿದು ವೋಟು ಕೇಳಿದ್ದಾರೆಯೇ? ಕೇಳದೆ ಬರೆದ ಸಿದ್ಧಾಂತಕ್ಕೆ ಬ್ರಹ್ಮಚಾರಿ ಕೊಡುವ ದಾಂಪತ್ಯದ ಸಲಹೆಯಷ್ಟೇ ಬೆಲೆ.

ಹುಡುಕಿ ನೋಡಿದರೆ ಕೆಲವರು ನಿಜಕ್ಕೂ ನಿಂತಿದ್ದಾರೆ. ಎಡ್ಮಂಡ್ ಬರ್ಕ್ ನಿಂತ, ತೋಕ್ವಿಲ್ ನಿಂತ, ಜಾನ್ ಸ್ಟುವರ್ಟ್ ಮಿಲ್ ನಿಂತ, ನಮ್ಮ ಅಂಬೇಡ್ಕರ್ ನಿಂತರು. ಕೆಲವು ಸಲ ಗೆದ್ದರು, ಕೆಲವು ಸಲ ಸೋತರು, ಒಬ್ಬ ಮತದಾನ ಮುಗಿಯುವ ಮೊದಲೇ ಕಣ ಬಿಟ್ಟು ಎದ್ದುಹೋದ. ಇವರ ಬಯೋಡೇಟಾ ಹಿಡಿದು ನಮ್ಮ ಯಾವುದೇ ಪಕ್ಷದ ಟಿಕೆಟ್ ಸಮಿತಿಯ ಮುಂದೆ ಹೋದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಸಮಿತಿ ಕೇಳುವುದು ಮೂರೇ ಪ್ರಶ್ನೆ: ಯಾವ ಜನ? ಎಷ್ಟು ಹಾಕ್ತಾರೆ? ಗೆಲ್ತಾರಾ? ‘ಪುಸ್ತಕ ಬರೆದಿದ್ದಾರೆ ಸಾರ್’ ಎಂದರೆ, ‘ಪರವಾಗಿಲ್ಲ, ಹೊರಗಡೆ ಹೇಳಬೇಡಿ’ ಎನ್ನುತ್ತದೆ.

ಮೊದಲು ಬರ್ಕ್. 1774ರಲ್ಲಿ ಅವನು ಯಾರ್ಕ್‌ಶೈರ್‌ನ ಮಾಲ್ಟನ್ ಎಂಬ ಸಣ್ಣ ಊರಿನಿಂದ ಆಗಲೇ ಆರಿಸಿ ಬಂದಿದ್ದ. ಆರಿಸಿ ಬಂದಿದ್ದ ಎಂದರೆ ಅಂಥ ಬೆವರೇನೂ ಸುರಿಸಬೇಕಾಗಿರಲಿಲ್ಲ; ಆ ಕ್ಷೇತ್ರ ಅವನ ಪೋಷಕ ರಾಕಿಂಗ್‌ಹ್ಯಾಮ್ ಪ್ರಭುವಿನ ಜೇಬಿನಲ್ಲಿತ್ತು, ಪ್ರಭು ತೆಗೆದು ಕೊಟ್ಟ. ಅಷ್ಟರಲ್ಲಿ ಬ್ರಿಸ್ಟಲ್‌ನಿಂದ ಕರೆ ಬಂತು. ಬ್ರಿಸ್ಟಲ್ ಆಗ ಸಕ್ಕರೆ, ತಂಬಾಕು ಮತ್ತು ಗುಲಾಮರ ವ್ಯಾಪಾರದಲ್ಲಿ ಮೈತುಂಬಿಕೊಂಡಿದ್ದ ಬಂದರು. ಓಡಿ ಹೋಗಿ ಅಲ್ಲೂ ನಿಂತ, ಗೆದ್ದ, ಮಾಲ್ಟನ್ ಬಿಟ್ಟುಕೊಟ್ಟ. ಎರಡು ಕ್ಷೇತ್ರದಲ್ಲಿ ನಿಲ್ಲುವ ವಿದ್ಯೆಯನ್ನು ನಮ್ಮ ನಾಯಕರೇ ಕಂಡುಹಿಡಿದರು ಎಂದು ಹೆಮ್ಮೆಪಡುವವರು ದಯವಿಟ್ಟು ಗಮನಿಸಬೇಕು.

ನವೆಂಬರ್ 3ರಂದು ವಿಜಯದ ಸಭೆ. ಬ್ರಿಸ್ಟಲ್‌ಗೆ ಇಬ್ಬರು ಸದಸ್ಯರು. ಬರ್ಕ್ ಜೊತೆ ಗೆದ್ದ ಹೆನ್ರಿ ಕ್ರೂಗರ್ ಎಂಬ ವ್ಯಾಪಾರಿ ಮೊದಲು ಎದ್ದು, ತನಗೆ ಆದೇಶ ಕೊಡುವ ಹಕ್ಕು ಮತದಾರರಿಗೆ ಇದೆ ಎಂದ. ಚಪ್ಪಾಳೆ ಬಿದ್ದಿರಬೇಕು. ಆಮೇಲೆ ಬರ್ಕ್ ಎದ್ದ. ನಿಮ್ಮ ಅಭಿಪ್ರಾಯಕ್ಕೆ ನಾನು ಗೌರವ ಕೊಡುತ್ತೇನೆ, ನಿಮಗಾಗಿ ನಿದ್ದೆಗೆಡುತ್ತೇನೆ, ಆದರೆ ನನ್ನ ವಿವೇಚನೆಯನ್ನು ನಿಮ್ಮ ಅಭಿಪ್ರಾಯಕ್ಕೆ ಬಲಿಕೊಟ್ಟರೆ ಅದು ಸೇವೆಯಲ್ಲ, ದ್ರೋಹ. ಆರಿಸುವವರೆಗೆ ನೀವು, ಆರಿಸಿದ ಮೇಲೆ ನಾನು ಇಡೀ ದೇಶದ ಪ್ರತಿನಿಧಿ ಎಂಬ ಅರ್ಥದಲ್ಲಿ ಮಾತಾಡಿದ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಇವತ್ತಿಗೂ ಹತ್ತು ಅಂಕದ ಪ್ರಶ್ನೆಗೆ ಬರೆಯುವುದು ಇದನ್ನೇ. ಕ್ರೂಗರ್ ಹೇಳಿದ್ದು ಯಾವ ಗೈಡಿನಲ್ಲೂ ಇಲ್ಲ. ಬರ್ಕ್ ಇದನ್ನು ಎಣಿಕೆ ಮುಗಿದ ಮೇಲೆ ಹೇಳಿದ ಎಂಬುದೂ ಗೈಡಿನಲ್ಲಿ ಇಲ್ಲ.

ಆದರೂ ಹೇಳಿದ, ಅವರ ಮುಖಕ್ಕೇ ಹೇಳಿದ. ಹೇಳಿದಂತೆ ನಡೆದ ಕೂಡ. ಐರ್ಲೆಂಡಿನ ವ್ಯಾಪಾರದ ಮೇಲಿನ ಕಟ್ಟು ಸಡಿಲಿಸಬೇಕು ಎಂದ, ಬ್ರಿಸ್ಟಲ್‌ನ ವರ್ತಕರ ಹೊಟ್ಟೆ ಉರಿಯಿತು. ಕ್ಯಾಥೊಲಿಕರ ಮೇಲಿನ ಕಠಿಣ ಕಾನೂನು ತೆಗೆಯಬೇಕು ಎಂದ, ಉಳಿದವರ ಹೊಟ್ಟೆಯೂ ಉರಿಯಿತು. ಕ್ಷೇತ್ರದ ಕಡೆ ತಲೆ ಹಾಕುವುದೂ ಅಪರೂಪ. 1780ರಲ್ಲಿ ಮತ್ತೆ ಚುನಾವಣೆ ಬಂದಾಗ ಈ ಎಲ್ಲ ದೂರುಗಳಿಗೆ ಉದ್ದನೆಯ ಉತ್ತರ ಕೊಟ್ಟ. ಭಾಷಣ ಅದ್ಭುತವಾಗಿತ್ತು, ವೋಟು ಬರುವ ಲಕ್ಷಣ ಇರಲಿಲ್ಲ. ಕಣದಿಂದ ಹಿಂದೆ ಸರಿದು ಸೀದಾ ಮಾಲ್ಟನ್‌ಗೆ ಹೋದ. ಪ್ರಭುವಿನ ಜೇಬು ಇನ್ನೂ ಬೆಚ್ಚಗೇ ಇತ್ತು. ಆತ್ಮಸಾಕ್ಷಿ ಇಟ್ಟುಕೊಳ್ಳುವ ರಾಜಕಾರಣಿಗೆ ಇಂಥದ್ದೊಂದು ಸೇಫ್ ಸೀಟು ಇದ್ದರೆ ಎಷ್ಟು ಅನುಕೂಲ ನೋಡಿ.

ಈ ಆತ್ಮಸಾಕ್ಷಿ ನಮ್ಮ ಕಡೆಗೂ ಬಂತು. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿತ್ತು. ಆ ಹೊತ್ತಿಗೇ ಪಕ್ಷದ ಸಂಸದೀಯ ಮಂಡಳಿ ರಾಷ್ಟ್ರಪತಿ ಹುದ್ದೆಗೆ ಸಂಜೀವ ರೆಡ್ಡಿಯವರ ಹೆಸರು ಆರಿಸಿತು. ಮುಂದಿನ ತಿಂಗಳು ಇಂದಿರಾ ಗಾಂಧಿ ‘ಆತ್ಮಸಾಕ್ಷಿಯ ಮತ’ ಎಂದರು; ವಿ.ವಿ. ಗಿರಿ ಗೆದ್ದರು, ಪಕ್ಷ ಒಡೆಯಿತು. ಬ್ರಿಸ್ಟಲ್‌ನಲ್ಲಿ ಆತ್ಮಸಾಕ್ಷಿ ನಾಯಕನ ಒಳಗಿನಿಂದ ಮಾತಾಡುತ್ತಿತ್ತು. ಇಲ್ಲಿ ಅದು ಮೇಲಿನಿಂದ, ಟ್ರಂಕ್ ಕಾಲ್‌ನಲ್ಲಿ ಮಾತಾಡತೊಡಗಿತು.

ಆತ್ಮಸಾಕ್ಷಿಯ ಹಾವಳಿ ಎಷ್ಟಾಯಿತೆಂದರೆ 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು, ಹತ್ತನೇ ಅನುಸೂಚಿ ಸೇರಿಸಿ ಅದನ್ನು ನಿಷೇಧಿಸಬೇಕಾಯಿತು. ಶಾಸಕ ಕೇಳಬೇಕಾದದ್ದು ಮತದಾರನ ಮಾತೋ, ತನ್ನ ವಿವೇಚನೆಯೋ ಎಂದು ಯುರೋಪು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡಿತ್ತು. ನಾವು ಒಂದೇ ತಿದ್ದುಪಡಿಯಲ್ಲಿ ಬಗೆಹರಿಸಿದೆವು: ಎರಡೂ ಅಲ್ಲ, ವಿಪ್. ಬರ್ಕ್ ಇಲ್ಲಿ ಇದ್ದಿದ್ದರೆ ಐರ್ಲೆಂಡಿನ ಮಸೂದೆಯ ದಿನವೇ ಸ್ಪೀಕರ್ ನೋಟಿಸು ಜಾರಿಯಾಗುತ್ತಿತ್ತು. ಅಂದಹಾಗೆ ನಿಷೇಧ ಚಿಲ್ಲರೆ ಆತ್ಮಸಾಕ್ಷಿಗೆ ಮಾತ್ರ. ಸಗಟಿಗೆ ರಿಯಾಯಿತಿ ಇತ್ತು. ಮೂರನೇ ಒಂದು ಭಾಗ ಸದಸ್ಯರಿಗೆ ಒಟ್ಟಿಗೆ ಜ್ಞಾನೋದಯವಾದರೆ ಅದು ಪಕ್ಷಾಂತರವಲ್ಲ, ವಿಭಜನೆ. 2003ರಲ್ಲಿ ಆ ಬಾಗಿಲು ಮುಚ್ಚಿದರು. ಈಗ ಮೂರನೇ ಎರಡು ಭಾಗಕ್ಕೆ ಜ್ಞಾನೋದಯವಾಗಬೇಕು, ಅದರ ಹೆಸರು ವಿಲೀನ.

ಅಷ್ಟು ಜನ ಸಿಗದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಉತ್ತರ ಕೊಟ್ಟದ್ದು ಕರ್ನಾಟಕ. 2019ರಲ್ಲಿ 17 ಶಾಸಕರು ಅನರ್ಹಗೊಂಡರು. ಅವರಲ್ಲಿ ಹೆಚ್ಚಿನವರು ಮತದಾರರನ್ನು ಬಿಟ್ಟು, ಪಕ್ಷವನ್ನು ಬಿಟ್ಟು, ರಾಜ್ಯವನ್ನೂ ಬಿಟ್ಟು ಮುಂಬೈಯ ಹೋಟೆಲಿನಲ್ಲಿ ತಮ್ಮ ವಿವೇಚನೆಯೊಂದಿಗೆ ಏಕಾಂತದಲ್ಲಿದ್ದರು. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದೂ ಹೇಳಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ. ಅನರ್ಹರಲ್ಲಿ 13 ಮಂದಿಗೆ ಹೊಸ ಪಕ್ಷ ಟಿಕೆಟ್ ಕೊಟ್ಟಿತು, 11 ಮಂದಿ ಗೆದ್ದರು, ಹೆಚ್ಚಿನವರು ಮಂತ್ರಿಗಳಾದರು. ಆತ್ಮಸಾಕ್ಷಿಗೆ ಓಗೊಟ್ಟ ಬರ್ಕ್ ಊರು ಬಿಟ್ಟ. ನಮ್ಮವರು ಊರು ಬಿಟ್ಟು ಆತ್ಮಸಾಕ್ಷಿಗೆ ಓಗೊಟ್ಟರು. ಯಾವ ಸಿದ್ಧಾಂತ ಗಟ್ಟಿ ಎಂಬುದನ್ನು ಫಲಿತಾಂಶವೇ ಹೇಳಿದೆ.

ರೂಸೋಗೆ ಟಿಕೆಟ್ ಕೊಡುವ ಪ್ರಶ್ನೆಯೇ ಇಲ್ಲ, ಅವನು ಅರ್ಜಿ ಹಾಕುವವನೂ ಅಲ್ಲ. ಜನರ ಇಚ್ಛೆಯನ್ನು ಇನ್ನೊಬ್ಬ ಪ್ರತಿನಿಧಿಸಲು ಬರುವುದೇ ಇಲ್ಲ ಎಂದು 1762ರಲ್ಲಿ ಬರೆದು ಕೂತವನು. ಇಂಗ್ಲಿಷರು ತಾವು ಸ್ವತಂತ್ರರು ಎಂದುಕೊಂಡಿದ್ದಾರೆ, ಆದರೆ ಅವರು ಸ್ವತಂತ್ರರಾಗಿರುವುದು ವೋಟು ಹಾಕುವ ಹೊತ್ತಿನಲ್ಲಿ ಮಾತ್ರ ಎಂಬುದು ಅವನ ಕುಟುಕು. ನಮ್ಮ ಚುನಾವಣಾ ಆಯೋಗ ಆ ಒಂದು ಹೊತ್ತನ್ನೂ ಡ್ರೈ ಡೇ ಮಾಡಿಬಿಟ್ಟಿದೆ. ತನ್ನ ಐದು ಹಸುಗೂಸುಗಳನ್ನು ಅನಾಥಾಲಯದ ಕೈಗೆ ಒಪ್ಪಿಸಿದವನು ಇಚ್ಛೆಯನ್ನು ಮಾತ್ರ ಯಾರ ಕೈಗೂ ಒಪ್ಪಿಸಬಾರದು ಎಂದದ್ದು ವಿಚಿತ್ರ. ಅವನೂ ಪೋಲೆಂಡಿನವರು ಬಂದು ನಮ್ಮಂಥ ದೊಡ್ಡ ದೇಶಕ್ಕೆ ಏನು ಮಾಡೋಣ ಸ್ವಾಮಿ ಎಂದು ಕೇಳಿದಾಗ ಸ್ವಲ್ಪ ಇಳಿದು ಬಂದ: ಪ್ರತಿನಿಧಿಗಳು ಇರಲಿ, ಆದರೆ ಅವರನ್ನು ಪದೇ ಪದೇ ಬದಲಿಸಿ, ಕೈಗೆ ಲಿಖಿತ ಆದೇಶ ಕೊಟ್ಟು ಕಳಿಸಿ, ಬಂದ ಮೇಲೆ ಲೆಕ್ಕ ಕೇಳಿ ಎಂದ. ಕ್ರೂಗರ್ ಇದನ್ನೇ ಹೇಳಿದ್ದ, ಪಾಪ.

ಹಾಬ್ಸ್‌ನ ಬಗ್ಗೆ ಹೆಚ್ಚು ಬೇಡ. ನಿಮ್ಮ ಪರವಾಗಿ ಆಳುವವನು ಬರೀ ನಟ, ನಾಟಕದ ಕರ್ತೃ ನೀವೇ, ಆದ್ದರಿಂದ ಅವನು ಏನು ಮಾಡಿದರೂ ಅದು ನೀವೇ ಮಾಡಿದ್ದು, ದೂರುವಂತಿಲ್ಲ ಎಂದು 1651ರಲ್ಲಿ ಬರೆದ. ಆ ಪುಸ್ತಕದ ಮುಖಚಿತ್ರ ಪ್ರಸಿದ್ಧ: ದೈತ್ಯ ರಾಜ, ಅವನ ಮೈತುಂಬ ಪುಟ್ಟ ಪುಟ್ಟ ಮನುಷ್ಯರು, ಎಲ್ಲರೂ ನಮಗೆ ಬೆನ್ನು ಹಾಕಿ ರಾಜನ ಮುಖವನ್ನೇ ನೋಡುತ್ತಿದ್ದಾರೆ. ನಮ್ಮ ಸರ್ಕಲ್‌ಗಳಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವ ಹುಡುಗರು ಹಾಬ್ಸ್‌ಗಿಂತ ಉದಾರಿಗಳು. ಸಾಹೇಬರ ಸುತ್ತ ಪೋಣಿಸಿದ ಸಣ್ಣ ಮುಖಗಳನ್ನು ರಸ್ತೆಯ ಕಡೆಗೆ ತಿರುಗಿಸಿರುತ್ತಾರೆ, ಕೆಳಗೆ ಹೆಸರನ್ನೂ ಹಾಕಿರುತ್ತಾರೆ.

ತೋಕ್ವಿಲ್ ಮಾತ್ರ ಸಮಿತಿಗೆ ಹಿಡಿಸುತ್ತಾನೆ. ಅಮೆರಿಕದ ಪ್ರಜಾಪ್ರಭುತ್ವದ ಮೇಲೆ ಎರಡು ಸಂಪುಟ ಬರೆದ ಈ ಫ್ರೆಂಚ್ ಶ್ರೀಮಂತ, ಬಹುಮತದ ದಬ್ಬಾಳಿಕೆಯ ಬಗ್ಗೆ ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟವನು. 1848ರ ಮಾರ್ಚ್‌ನಲ್ಲಿ ಫ್ರಾನ್ಸಿನ ಗಂಡಸರಿಗೆಲ್ಲ ಮತದ ಹಕ್ಕು ಬಂತು. ಏಪ್ರಿಲ್‌ನ ಈಸ್ಟರ್ ಭಾನುವಾರ ಬೆಳಿಗ್ಗೆ ಅವನ ಪೂರ್ವಿಕರ ಹಳ್ಳಿಯ ಜನರೆಲ್ಲ ಚರ್ಚಿನ ಮುಂದೆ ಸೇರಿದರು. ಮತಗಟ್ಟೆ ಇದ್ದದ್ದು ಸ್ವಲ್ಪ ದೂರದ ಸಾಂ ಪಿಯೇರ್‌ನಲ್ಲಿ. ಅಕ್ಷರಮಾಲೆಯ ಕ್ರಮದಲ್ಲಿ ಇಬ್ಬಿಬ್ಬರಂತೆ ಸಾಲು ಕಟ್ಟಿದರು. ದಣಿಗಳೂ ತಮ್ಮ ಅಕ್ಷರ ಬಂದ ಕಡೆ ವಿನಯದಿಂದ ನಿಂತರು. ಮುದುಕರು, ಕಾಯಿಲೆಯವರು ಕುದುರೆ, ಗಾಡಿಗಳಲ್ಲಿ ಹಿಂದೆ. ದಾರಿಯಲ್ಲೊಂದು ದಿಬ್ಬ. ಅಲ್ಲಿ ನಿಂತು ದಣಿಗಳು ನಾಲ್ಕು ಮಾತು ಹೇಳಿದರು: ಯಾರ ಮಾತಿಗೂ ಕಿವಿಗೊಡಬೇಡಿ, ಗುಂಪು ಬಿಟ್ಟು ಕದಲಬೇಡಿ, ಊಟಕ್ಕೆಂದೋ ಬಟ್ಟೆ ಒಣಗಿಸುವುದಕ್ಕೆಂದೋ ಯಾರ ಮನೆಗೂ ನುಗ್ಗಬೇಡಿ, ಮೊದಲು ವೋಟು. ಜನ ಹಾಗೇ ಮಾಡಿದರು. ಎಲ್ಲರೂ ಒಟ್ಟಿಗೆ ಮತ ಹಾಕಿದರು, ಹೆಚ್ಚುಕಡಿಮೆ ಎಲ್ಲರೂ ಒಬ್ಬನೇ ಅಭ್ಯರ್ಥಿಗೆ ಹಾಕಿರಬೇಕೆಂದು ನಂಬಲು ಕಾರಣವಿದೆ ಎಂದು ಆತನೇ ನೆನಪಿನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಅಭ್ಯರ್ಥಿ ಯಾರೆಂದು ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಇಂಥವನಿಗೆ ಬಿ ಫಾರಂ ಕೊಡದೆ ಇನ್ನಾರಿಗೆ ಕೊಡುತ್ತೀರಿ? ಬಸ್ಸು, ಬಾಡೂಟ, ಬೂತ್ ಏಜೆಂಟ್ ಯಾವುದರ ಖರ್ಚೂ ಇಲ್ಲ. ಬಹುಮತದ ದಬ್ಬಾಳಿಕೆಗೆ ಅವನು ಕಂಡುಕೊಂಡ ಪರಿಹಾರ ಸರಳವಾಗಿತ್ತು, ಬಹುಮತವನ್ನು ಇಬ್ಬಿಬ್ಬರಂತೆ ಸಾಲಾಗಿ ನಿಲ್ಲಿಸಿ ತಾನೂ ಜೊತೆಗೆ ನಡೆಯುವುದು.

ಇನ್ನು ಮಿಲ್. ಹದಿನೇಳನೇ ವಯಸ್ಸಿಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿ ಸೇರಿದವನು, 1823ರಿಂದ 1858ರವರೆಗೆ, ಕಂಪನಿಯ ಆಳ್ವಿಕೆ ಮುಗಿಯುವ ತನಕ ಅಲ್ಲೇ ಇದ್ದ. ಇಂಡಿಯಾದ ಸಂಸ್ಥಾನಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಪತ್ರ ಬರೆಯುವುದು ಅವನ ನೌಕರಿ. ಇಂಡಿಯಾಕ್ಕೆ ಒಂದು ಸಲವೂ ಬರಲಿಲ್ಲ. ಹೈಕಮಾಂಡ್ ಎಂಬ ಸಂಸ್ಥೆಯ ಮೂಲಪುರುಷರನ್ನು ಯಾರಾದರೂ ಹುಡುಕುತ್ತಿದ್ದರೆ ವಿಳಾಸ ಇಲ್ಲಿದೆ. ಪ್ರತಿನಿಧಿ ಸರ್ಕಾರವೇ ಅತ್ಯುತ್ತಮ ಎಂದು 1861ರಲ್ಲಿ ಪುಸ್ತಕವನ್ನೇ ಬರೆದ, ಆದರೆ ಇಂಡಿಯಾದಂಥ ದೇಶ ಅದಕ್ಕೆ ಇನ್ನೂ ತಯಾರಿಲ್ಲ ಎಂದ. ಅವನು ತೀರಿಕೊಂಡ ಎಂಟು ವರ್ಷಕ್ಕೆ, 1881ರಲ್ಲಿ, ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 144 ಮಂದಿಯನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ದಸರೆಗೆ ಬಂದ ಸದಸ್ಯರು ದಿವಾನರ ವರದಿ ಕೇಳಿ, ತಮ್ಮ ಊರಿನ ಕೆರೆ, ರಸ್ತೆಯ ಅಹವಾಲು ಸಲ್ಲಿಸಿ ಊರಿಗೆ ಹೋಗಬೇಕು. ಮಸೂದೆ ಪಾಸು ಮಾಡುವ, ಸರ್ಕಾರ ಉರುಳಿಸುವ ಅಧಿಕಾರ ಯಾವುದೂ ಇಲ್ಲ. ಅಧಿಕಾರವಿಲ್ಲದ್ದರಿಂದ ರೆಸಾರ್ಟಿನ ಖರ್ಚೂ ಇರಲಿಲ್ಲ.

1865ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಮತದಾರರು ಮಿಲ್‌ನನ್ನು ನಿಲ್ಲಿ ಎಂದು ಕೇಳಿದರು. ಆತ ಹಾಕಿದ ಷರತ್ತು ಓದಬೇಕು: ಪ್ರಚಾರಕ್ಕೆ ಬರುವುದಿಲ್ಲ, ಒಂದು ಕಾಸೂ ಬಿಚ್ಚುವುದಿಲ್ಲ, ಗೆದ್ದರೆ ಕ್ಷೇತ್ರದ ಕೆಲಸಕ್ಕೆ ಸಮಯ ಕೊಡುವುದಿಲ್ಲ. ಈ ಪ್ರಣಾಳಿಕೆ ಇಟ್ಟುಕೊಂಡು ದೇವರೇ ನಿಂತರೂ ಗೆಲ್ಲಲಾರ ಎಂದು ಒಬ್ಬ ಸಾಹಿತಿ ಹೇಳಿದ್ದನ್ನು ಮಿಲ್ ತನ್ನ ಆತ್ಮಕಥೆಯಲ್ಲಿ ಖುಷಿಯಿಂದ ಬರೆದುಕೊಂಡಿದ್ದಾನೆ. ಕೂಲಿಕಾರರೇ ಹೆಚ್ಚಿದ್ದ ಸಭೆಯಲ್ಲಿ ವಿರೋಧಿಗಳು ಅವನ ಹಳೆಯ ಬರಹದ ಒಂದು ಸಾಲು ತಂದಿಟ್ಟರು. ಇಂಗ್ಲೆಂಡಿನ ಕೆಳವರ್ಗದವರು ಸುಳ್ಳು ಹೇಳಲು ನಾಚಿದರೂ ಸಾಮಾನ್ಯವಾಗಿ ಸುಳ್ಳುಗಾರರೇ ಎಂಬ ಸಾಲು. ನೀನು ಬರೆದದ್ದು ಹೌದಾ? ನಮ್ಮವರಾದರೆ ‘ನನ್ನ ಹೇಳಿಕೆ ತಿರುಚಲಾಗಿದೆ’ ಎನ್ನುತ್ತಿದ್ದರು, ಅಕೌಂಟ್ ಹ್ಯಾಕ್ ಆಗಿದೆ ಎನ್ನುತ್ತಿದ್ದರು, ಕೊನೆಗೆ ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದ ಎನ್ನುತ್ತಿದ್ದರು. ಮಿಲ್, ‘ಹೌದು, ನಾನೇ’ ಎಂದ. ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಗೆದ್ದ.

ಆದರೆ ಅದೇ ಮಿಲ್ 1859ರಲ್ಲಿ ಮಾಡಿಟ್ಟ ಲೆಕ್ಕವೊಂದಿದೆ. ಬರೀ ಕೂಲಿಯವನಿಗೆ ಒಂದು ಮತ ಎಂದಾದರೆ ಕಸುಬು ಬಲ್ಲವನಿಗೆ ಎರಡು, ಮೇಸ್ತ್ರಿಗೆ ಮೂರು, ರೈತ ಯಜಮಾನನಿಗೂ ವ್ಯಾಪಾರಿಗೂ ಮೂರೋ ನಾಲ್ಕೋ, ವಕೀಲ ವೈದ್ಯರಂಥವರಿಗೆ ಐದೋ ಆರೋ. ತತ್ತ್ವಜ್ಞಾನಿ ಯಾವ ಸಾಲಿನಲ್ಲಿ ಬರುತ್ತಾನೆ ಎಂದು ಕೇಳುವುದು ಅಸಭ್ಯತನ. ಸರ್ಕಾರದ ಬಡವರ ಪರಿಹಾರ ಪಡೆಯುವವನಿಗೆ ಮತವೇ ಇಲ್ಲ ಎಂಬ ಷರತ್ತು ಆಮೇಲಿನ ಪುಸ್ತಕದಲ್ಲಿದೆ. ಅದನ್ನು ಕನ್ನಡಕ್ಕೆ ತರುವುದಾದರೆ: ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ತಕ್ಷಣ ಪಟ್ಟಿಯಿಂದ ಹೆಸರು ಔಟ್. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸಿನಲ್ಲಿ ಮಿಲ್ ಇವತ್ತಿಗೂ ಜೀವಂತ. ‘ಟ್ಯಾಕ್ಸ್ ಕಟ್ಟೋರು ನಾವು, ಸರ್ಕಾರ ಆರಿಸೋರು ಅವರು’ ಎಂಬ ಸಿದ್ಧಾಂತ ಅಲ್ಲಿ ಪ್ರತಿ ಭಾನುವಾರ ಮಂಡನೆಯಾಗುತ್ತದೆ. ಇವರಿಗೆ ತಲಾ ಆರು ಮತ ಕೊಟ್ಟರೂ ಅಪಾಯವೇನಿಲ್ಲ. ನಗರದ ಮತದಾನ ಅರ್ಧದ ಗೆರೆ ದಾಟಲು ಏದುಸಿರು ಬಿಡುವುದನ್ನು ನೋಡಿದರೆ, ಆರೂ ಮತಗಳು ಮತದಾನದ ದಿನ ಕೂರ್ಗಿನ ಹೋಮ್‌ಸ್ಟೇಯಲ್ಲಿ ಇರುತ್ತವೆ.

ನಗುವ ಮುಂಚೆ ನಮ್ಮ ವಿಧಾನ ಪರಿಷತ್ತನ್ನೊಮ್ಮೆ ನೋಡಿ. 75 ಸ್ಥಾನಗಳಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ. ಗದ್ದೆ ಉಳುವವನಿಗೆ ವಿಧಾನಸಭೆಗೆ ಒಂದು ವೋಟು. ಡಿಗ್ರಿ ಮಾಡಿ ಹೆಸರು ನೋಂದಾಯಿಸಿದವನಿಗೆ ಪರಿಷತ್ತಿಗೂ ಒಂದು. ಡಿಗ್ರಿ ಇರುವ ಪ್ರೌಢಶಾಲೆ ಮೇಷ್ಟ್ರಿಗೆ ಇನ್ನೂ ಒಂದು. ಇಂಗ್ಲೆಂಡ್ ತನ್ನ ವಿಶ್ವವಿದ್ಯಾಲಯದ ಸೀಟುಗಳನ್ನು 1950ರ ಹೊತ್ತಿಗೆ ತೆಗೆದುಹಾಕಿತು, ನಾವು ಮಿಲ್‌ನನ್ನು ಬಿಟ್ಟುಕೊಡಲಿಲ್ಲ. ಅವನು ಎದೆಗೊತ್ತಿಕೊಂಡು ಪ್ರಚಾರ ಮಾಡಿದ ಪ್ರಾಶಸ್ತ್ಯ ಮತದ ಪದ್ಧತಿಯೂ ಇಲ್ಲಿ ಉಂಟು: ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯಬೇಕು. ಅಷ್ಟೇ. ಆರು ಮತಕ್ಕೆ ಅರ್ಹರಾದ ಈ ವಿದ್ಯಾವಂತರ ಪೆಟ್ಟಿಗೆ ತೆರೆದಾಗ ಪ್ರತಿ ಸಲ ಸಾವಿರಗಟ್ಟಲೆ ಮತ ತಿರಸ್ಕೃತ. ಒಬ್ಬರು ಅಂಕಿಯ ಬದಲು ಟಿಕ್ ಹಾಕಿರುತ್ತಾರೆ, ಇನ್ನೊಬ್ಬರು ಅಭ್ಯಾಸಬಲದಿಂದ ಸಹಿ ಮಾಡಿರುತ್ತಾರೆ. ಹೆಬ್ಬೆಟ್ಟಿನವರು ಇವಿಎಂ ಗುಂಡಿ ಒತ್ತಿ ಸರ್ಕಾರ ಬದಲಿಸಿ ಮನೆಗೆ ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಮಿಲ್‌ಗೆ ಒಂದು ಸಲಾಮು ಬಾಕಿಯಿದೆ. 1867ರಲ್ಲಿ ಪಾರ್ಲಿಮೆಂಟಿನಲ್ಲಿ ಹೆಂಗಸರಿಗೂ ಮತ ಕೊಡಿ ಎಂದು ತಿದ್ದುಪಡಿ ತಂದ. ಪರ 73, ವಿರೋಧ 196. ಮುಂದಿನ ವರ್ಷದ ಚುನಾವಣೆಯಲ್ಲಿ ಅವನೇ ಸೋತ. ಸೋಲಿಸಿದವನು ಡಬ್ಲ್ಯು.ಎಚ್. ಸ್ಮಿತ್, ರೈಲು ನಿಲ್ದಾಣಗಳ ಪುಸ್ತಕದಂಗಡಿಗಳ ಮಾಲೀಕ. ಬರೆದವನನ್ನು ಮಾರುವವನು ಸೋಲಿಸಿದ.

ಮತ ಇಲ್ಲದವರ ಹಿತವನ್ನು ಮತ ಇರುವವರೇ ನೋಡಿಕೊಳ್ಳುತ್ತಾರೆ ಎಂಬುದು ಬರ್ಕ್‌ನ ಇನ್ನೊಂದು ಸಿದ್ಧಾಂತ. ಮ್ಯಾಂಚೆಸ್ಟರಿಗೆ ಒಬ್ಬ ಸದಸ್ಯನೂ ಇಲ್ಲದ, ಮನೆಯೇ ಇಲ್ಲದ ಓಲ್ಡ್ ಸೇರಮ್ ಗುಡ್ಡಕ್ಕೆ ಇಬ್ಬರು ಸದಸ್ಯರಿದ್ದ ಕಾಲ ಅದು. ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಅಂಬೇಡ್ಕರ್. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ, ಇನ್ನೂ ಮೂವತ್ತು ತುಂಬದ ಅವರು ವಾದಿಸಿದ್ದು: ಅಭಿಪ್ರಾಯಗಳಿಗೆ ಪ್ರಾತಿನಿಧ್ಯ ಸಿಕ್ಕರೆ ಸಾಲದು, ಮನುಷ್ಯರಿಗೂ ಸಿಗಬೇಕು. ನಿನ್ನ ಪರವಾಗಿ ನಾನು ಮಾತಾಡುತ್ತೇನೆ ಎಂದವರೇ ತಮ್ಮ ಕೇರಿಯ ಬಾವಿಯಲ್ಲಿ ನೀರು ಸೇದಲು ಬಿಡದಿದ್ದ ದೇಶದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ, ಆದರೂ ಹೇಳಬೇಕಾಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಕೊಟ್ಟ ಎಚ್ಚರಿಕೆಗಳಲ್ಲಿ ಒಂದು, ಮತಪೆಟ್ಟಿಗೆಯಲ್ಲಿ ಸಮಾನತೆ ಇಟ್ಟು ಬದುಕಿನಲ್ಲಿ ಅಸಮಾನತೆ ಇಟ್ಟುಕೊಂಡರೆ ಇದು ಬಹಳ ದಿನ ನಡೆಯದು ಎಂಬುದು. ಇನ್ನೊಂದು, ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರದ ದಾರಿ ಎಂಬುದು. ಎರಡನೆಯದನ್ನು ನಾವು ಅವರ ಪುತ್ಥಳಿಗೆ ಕ್ರೇನ್‌ನಲ್ಲಿ ಹಾರ ಹಾಕಿ ಆಚರಿಸುತ್ತೇವೆ.

ಅವರು ಬರೆದುಕೊಟ್ಟ ನಿಯಮದಲ್ಲೇ ನಡೆದ ಮೊದಲ ಮಹಾಚುನಾವಣೆಯಲ್ಲಿ ಉತ್ತರ ಮುಂಬೈಯಿಂದ ನಿಂತರು. ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಗೆದ್ದರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋಲು. ಒಬ್ಬನಿಗೆ ಒಂದೇ ಮತ, ಅದು ವಿದ್ವಾಂಸನದ್ದಾದರೂ ಒಂದೇ ಎಂದು ಹಟ ಹಿಡಿದವರಿಗೆ ಅದರ ಬಿಸಿ ಮೊದಲು ತಟ್ಟಿತು. ಮಿಲ್‌ನ ಲೆಕ್ಕವೇ ಒಳ್ಳೆಯದಿತ್ತು ಎಂದು ಅವರು ಗೊಣಗಲಿಲ್ಲ.

ಕೊನೆಗೆ ಉಳಿದವನು ಶುಂಪೀಟರ್. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ. 1919ರಲ್ಲಿ ಕೆಲವೇ ತಿಂಗಳು ಹಣಕಾಸು ಮಂತ್ರಿಯಾಗಿದ್ದ, ಆಮೇಲೆ ಅಧ್ಯಕ್ಷನಾಗಿದ್ದ ಬ್ಯಾಂಕು 1924ರಲ್ಲಿ ಮುಳುಗಿತು. ಇಷ್ಟು ಅನುಭವದ ಮೇಲೆ ಜನರಿಗೆ ರಾಜಕೀಯ ತಿಳಿಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂದ. 1942ರ ಅವನ ಪುಸ್ತಕದ ಪ್ರಕಾರ ಪ್ರಜಾಪ್ರಭುತ್ವ ಎಂದರೆ ಜನ ಆಳುವುದಲ್ಲ, ಆಳುವವರು ವೋಟಿಗಾಗಿ ಪೈಪೋಟಿ ನಡೆಸುವುದು. ಆರಿಸಿದ ಮೇಲೆ ಮತದಾರ ಸುಮ್ಮನಿರಬೇಕು, ಹೀಗೆ ಮಾಡು ಹಾಗೆ ಮಾಡು ಎನ್ನಬಾರದು. ಪತ್ರ, ಟೆಲಿಗ್ರಾಂ ಕಳಿಸಿ ಸದಸ್ಯನನ್ನು ಕಾಡುವುದಂತೂ ಕೂಡದೇ ಕೂಡದು.

ಅವನ ಕಾಲಕ್ಕೆ ಇದೊಂದು ಕನಸಾಗಿತ್ತು. ಟೆಲಿಗ್ರಾಂ ಕಚೇರಿಗೆ ಬೀಗ ಹಾಕುವುದು ಹೇಗೆ? ಈಗ ಕ್ಷೇತ್ರ ಕ್ಷೇತ್ರಕ್ಕೂ ಶಾಸಕರ ಹೆಸರಿನಲ್ಲಿ ಒಂದೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಗುದ್ದಲಿ ಪೂಜೆಯ ಫೋಟೊ ಬರುತ್ತದೆ, ಶ್ರದ್ಧಾಂಜಲಿ ಬರುತ್ತದೆ, ಹಬ್ಬದ ಶುಭಾಶಯ ಬರುತ್ತದೆ. ನಲ್ಲಿಯಲ್ಲಿ ವಾರದಿಂದ ನೀರಿಲ್ಲ ಸಾರ್ ಎಂದು ಬರೆಯಲು ಹೊರಟರೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು.